ಕಾಲು ಬಿದ್ದ ನಾಟಿ ಕೋಳಿಗೆ ಸರ್ಪಸುತ್ತಿನ ಮಾತ್ರೆ ಕೊಡಬಹುದೇ?

ಪ್ರಶ್ನೆ: ಸರ್, ನಮ್ಮದು ಪಾಂಡವಪುರ ತಾಲ್ಲೂಕಿನ ಒಂದು ಹಳ್ಳಿ. ಹಿತ್ತಿಲಲ್ಲಿ ನಾಟಿ ಕೋಳಿ ಸಾಕಿದ್ದೇವೆ. ನಮ್ಮಲ್ಲೇ ಕಾವು ಕೂರಿಸಿ ಮರಿ ಮಾಡಿದ 40 ಎಳೆ ಕೋಳಿಗಳಿದ್ದವು, ಈಗ 12ರಿಂದ 14 ವಾರದವು. ಒಂದು ತಿಂಗಳಿಂದ ಒಂದೊಂದೇ ಕುಂಟಲು ಶುರು ಮಾಡಿ, ಒಂದು ಕಾಲು ಮುಂದಕ್ಕೆ, ಇನ್ನೊಂದು ಹಿಂದಕ್ಕೆ ಚಾಚಿಕೊಂಡು ಮಲಗಿಬಿಡುತ್ತವೆ. ಮೇವು ಮುಂದಿಟ್ಟರೆ ತಿನ್ನುತ್ತವೆ, ಆದರೂ ಸೊರಗುತ್ತವೆ. 9 ಸತ್ತವು, 4 ಮಲಗಿವೆ. ಕೊಕ್ಕರೆ ರೋಗದ (ರಾಣಿಖೇತ್) ಲಸಿಕೆ ಹಾಕಿಸಿದ್ದೇವೆ. ದೊಡ್ಡ ಕೋಳಿಗಳಿಗೆ ಏನೂ ಆಗಿಲ್ಲ. ಆರು ತಿಂಗಳ ಹಿಂದೆ ಸಂತೆಯಿಂದ ಮೊಟ್ಟೆ ಮುಗಿದ ಹತ್ತು ಲೇಯರ್ ಕೋಳಿ ತಂದಿದ್ದೆವು, ಅವೂ ಚೆನ್ನಾಗಿವೆ. ಪಕ್ಕದ ಊರಿನವರು ‘ಇದು ಹರ್ಪಿಸ್ ವೈರಸ್, ಸರ್ಪಸುತ್ತಿಗೆ ಕೊಡುವ ಅಸೈಕ್ಲೋವಿರ್ 400 ಮಾತ್ರೆಯನ್ನು ಲೀಟರ್ ನೀರಿಗೆ ಒಂದರಂತೆ ಹಾಕಿ, ನಮ್ಮ ಕೋಳಿ ಎರಡೇ ದಿನಕ್ಕೆ ಎದ್ದು ನಿಂತಿತು’ ಎಂದರು. ಹಾಕಬಹುದೇ? ಮೊಟ್ಟೆ ತಿನ್ನಬಹುದೇ? ಮಕ್ಕಳಿಗೆ ಸರ್ಪಸುತ್ತು ಬರುವುದೇ? ಇನ್ನು 12 ದಿನಕ್ಕೆ ಮೂರು ಕೋಳಿಗಳ ಕೆಳಗೆ 36 ಮೊಟ್ಟೆ ಒಡೆಯಲಿವೆ. ಮನೆಯೊಳಗೆ ಮಗ ಕಾಕಟೀಲ್ ಗಿಳಿ ಸಾಕಿದ್ದಾನೆ. ಹೋದ ವಾರ ಎರಡು ಸನ್ ಕಾನ್ಯೂರ್ ಗಿಳಿ ತಂದ. ನಿನ್ನೆ ಬೆಳಿಗ್ಗೆ ಒಂದು ಕಾಕಟೀಲ್ ಪಂಜರದಲ್ಲಿ ಸತ್ತು ಬಿದ್ದಿತ್ತು. ಕೋಳಿ ರೋಗವೇ ಅದಕ್ಕೂ ಬಂತೇ? ಅವಕ್ಕೂ ಮಾತ್ರೆ ಕೊಡಬೇಕೇ?

ಉತ್ತರ: ಮೊದಲು ಮಕ್ಕಳ ವಿಷಯ ಹೇಳಿಬಿಡುತ್ತೇನೆ, ಆ ಭಯ ಬೇಡ. ಸರ್ಪಸುತ್ತು ತರುವ ವೈರಸ್ಸು ಮನುಷ್ಯರದು, ನಿಮ್ಮ ಕೋಳಿಗಳದು ಕೋಳಿಗಳದೇ. ಎರಡೂ ಹರ್ಪಿಸ್ ಎಂಬ ದೊಡ್ಡ ಕುಟುಂಬಕ್ಕೆ ಸೇರಿವೆ ಅಷ್ಟೇ. ಈ ಕುಟುಂಬದ ಬಹುಪಾಲು ವೈರಸ್ಸುಗಳಿಗೆ ಒಂದೊಂದು ಜಾತಿಯ ಪ್ರಾಣಿಯೇ ಮನೆ. ಕೋಳಿಯ ಹರ್ಪಿಸ್ ಮನುಷ್ಯರಿಗೆ ಬರುವುದಿಲ್ಲ, ಮನುಷ್ಯರದು ಕೋಳಿಗೆ ಹೋಗುವುದಿಲ್ಲ. ಕೋಳಿಯದು ಕಾಕಟೀಲ್‌ಗೂ ಹೋಗುವುದಿಲ್ಲ. ಹಾಗಾಗಿ ನಿಮ್ಮ ಹಿತ್ತಿಲ ತೊಂದರೆ ಬೇರೆ, ಪಂಜರದ ತೊಂದರೆ ಬೇರೆ. ಎರಡಕ್ಕೂ ಒಂದೇ ಮಾತ್ರೆಯ ಹೆಸರು ಕೇಳಿಬಂದಿರುವುದರಿಂದ ಗೊಂದಲವಾಗಿದೆ. ಹಿತ್ತಿಲಲ್ಲಿ ಆ ಮಾತ್ರೆ ದಂಡ. ಪಂಜರದಲ್ಲಿ ಅದಕ್ಕೆ ನಿಜವಾಗಿಯೂ ಕೆಲಸ ಇರಬಹುದು, ಆದರೆ ಅಲ್ಲಿ ಒಂದೊಂದು ಗಂಟೆಯೂ ಲೆಕ್ಕಕ್ಕೆ ಬರುತ್ತದೆ. ಪಂಜರದ ಹಕ್ಕಿಗಳ ಭಾಗ ಕೆಳಗಿದೆ. ತುರ್ತಿದ್ದರೆ ಅದನ್ನೇ ಮೊದಲು ಓದಿ.

ಈಗ ಕೋಳಿಗಳಿಗೆ ಬರೋಣ. ನೀವು ಬರೆದ ಲಕ್ಷಣ ಮಾರೆಕ್ಸ್ ರೋಗದ್ದು. ಹಂಗೇರಿಯ ಪಶುವೈದ್ಯ ಯೋಜೆಫ್ ಮಾರೆಕ್ 1907ರಲ್ಲಿ ಕಾಲು ಸೋತ ಹುಂಜಗಳಲ್ಲಿ ನರಗಳು ದಪ್ಪವಾಗಿರುವುದನ್ನು ಮೊದಲು ವರದಿ ಮಾಡಿದರು, ಹೆಸರು ಅಲ್ಲಿಂದ ಬಂತು. ಇದರ ಹಿಂದಿರುವುದು ಹರ್ಪಿಸ್ ವೈರಸ್ ಎಂದು ಖಚಿತವಾಗಲು 1967ರವರೆಗೆ ಕಾಯಬೇಕಾಯಿತು. ನಿಮ್ಮ ಪತ್ರದಲ್ಲಿ ನಾಲ್ಕು ಸುಳಿವುಗಳಿವೆ. ಎಳೆ ಕೋಳಿಗಳಿಗೆ ಮಾತ್ರ ಬಂದಿದೆ. ಒಂದೇ ಸಲಕ್ಕೆ ಬಾರದೆ ಒಂದೊಂದಾಗಿ ಬೀಳುತ್ತಿವೆ. ಕಾಲುಗಳು ಮುಂದೊಂದು ಹಿಂದೊಂದು ಚಾಚಿವೆ. ತಿನ್ನುವ ಆಸೆ ಉಳಿದಿದೆ. ಕೊಕ್ಕರೆ ರೋಗವಾದರೆ ಹಿಂಡಿಗೆ ಹಿಂಡೇ ದಿನಗಳಲ್ಲಿ ಮಂಕಾಗುತ್ತದೆ, ಹಸಿರು ಭೇದಿ, ಮೂಗಿನಲ್ಲಿ ಸದ್ದು, ಬದುಕಿದವುಗಳ ಕತ್ತು ತಿರುಚುವುದು, ಇವೆಲ್ಲ ಕಾಣುತ್ತವೆ. ಬಿ2 ಜೀವಸತ್ವದ ಕೊರತೆಯಲ್ಲೂ ಕಾಲು ಸೋಲುತ್ತದೆ. ಅದು ಹೆಚ್ಚಾಗಿ ಮೊದಲ ಮೂರು ನಾಲ್ಕು ವಾರದ ಮರಿಗಳಲ್ಲಿ, ಬೆರಳುಗಳು ಒಳಕ್ಕೆ ಮುಷ್ಟಿಯಂತೆ ಮಡಚಿಕೊಳ್ಳುತ್ತವೆ, ಮರಿ ಮೊಣಕಾಲೂರಿ ನಡೆಯುತ್ತದೆ. ಕೊಳೆತದ್ದು ತಿಂದು ವಿಷವೇರಿದರೆ ಕತ್ತು ಸೇರಿ ಇಡೀ ಮೈ ಬಟ್ಟೆಯಂತೆ ಜೋಲುತ್ತದೆ, ಒಂದೆರಡು ದಿನದಲ್ಲಿ ಮುಗಿಯುತ್ತದೆ.

ಆದರೂ ಪತ್ರ ಓದಿ ರೋಗ ತೀರ್ಮಾನಿಸುವುದು ಸರಿಯಲ್ಲ. ಮಲಗಿರುವ ನಾಲ್ಕರಲ್ಲಿ ಒಂದನ್ನು ಜೀವಂತವಾಗಿ ತಾಲ್ಲೂಕು ಪಶು ಆಸ್ಪತ್ರೆಗೆ ಒಯ್ದು ಮರಣೋತ್ತರ ಪರೀಕ್ಷೆ ಮಾಡಿಸಿ. ಸತ್ತು ಅರ್ಧ ದಿನವಾದ ಕೋಳಿ ನಮ್ಮ ಬಿಸಿಲಿಗೆ ಪ್ರಯೋಜನಕ್ಕೆ ಬರುವುದಿಲ್ಲ. ಸತ್ತದ್ದನ್ನೇ ಒಯ್ಯುವುದಾದರೆ ಮಂಜುಗಡ್ಡೆಯ ನಡುವೆ ಇಟ್ಟು ಒಯ್ಯಿರಿ, ಫ್ರೀಜರ್‌ನಲ್ಲಿ ಕಲ್ಲು ಮಾಡಬೇಡಿ, ಅಂಗಾಂಶ ಒಡೆದುಹೋಗುತ್ತದೆ. ವೈದ್ಯರು ತೊಡೆಯ ಒಳಭಾಗದ ಮಾಂಸವನ್ನು ಬಿಡಿಸಿ, ಸೊಂಟದಿಂದ ಕಾಲಿಗೆ ಇಳಿಯುವ ಸಯಾಟಿಕ್ ನರವನ್ನು ತೋರಿಸುತ್ತಾರೆ. ಪಕ್ಕದಲ್ಲಿ ನಿಂತು ನೋಡಿ. ಆರೋಗ್ಯವಂತ ನರ ಬೆಳ್ಳಗೆ ಹೊಳೆಯುತ್ತದೆ, ಅದರ ಮೇಲೆ ಅಡ್ಡಡ್ಡ ಸಣ್ಣ ಗೆರೆಗಳು ಕಾಣುತ್ತವೆ. ಮಾರೆಕ್ಸ್ ಬಂದ ನರ ಎರಡು ಮೂರು ಪಟ್ಟು ದಪ್ಪವಾಗಿ, ನೀರು ಕುಡಿದಂತೆ ಬೂದುಹಳದಿ ಬಣ್ಣಕ್ಕೆ ತಿರುಗಿ, ಆ ಗೆರೆಗಳು ಅಳಿಸಿಹೋಗಿರುತ್ತವೆ. ಎಡಬಲ ಎರಡನ್ನೂ ಹೋಲಿಸಬೇಕು, ಏಕೆಂದರೆ ಸಾಮಾನ್ಯವಾಗಿ ಒಂದೇ ಕಡೆ ಹೆಚ್ಚು ಊದಿರುತ್ತದೆ. ಕಾಲು ಮುಂದೊಂದು ಹಿಂದೊಂದಾಗುವುದೂ ಅದೇ ಕಾರಣಕ್ಕೆ. ಪಿತ್ತಜನಕಾಂಗ, ಗುಲ್ಮ, ಅಂಡಾಶಯಗಳಲ್ಲಿ ಬಿಳಿ ಗಂಟುಗಳೂ ಇರಬಹುದು. ಕೆಲವು ಕೋಳಿಗಳಲ್ಲಿ ಕಣ್ಣಿನ ಕೆಂಬಣ್ಣ ಬೂದಿಯಾಗಿ, ಪಾಪೆಯ ಅಂಚು ಸೊಟ್ಟಗಾಗುತ್ತದೆ. ಮೇವುಚೀಲ ಜೋತುಬಿದ್ದಿದ್ದರೆ ಅಲ್ಲಿಗೆ ಹೋಗುವ ನರವೂ ಕೆಟ್ಟಿದೆ ಎಂದರ್ಥ. ಮೇವು ತಿಂದರೂ ಸೊರಗುವುದಕ್ಕೆ ಅದೂ ಒಂದು ಕಾರಣ. ಸಂದೇಹ ಉಳಿದರೆ ಮಾದರಿಗಳು ಬೆಂಗಳೂರಿನ ಹೆಬ್ಬಾಳದ ಪ್ರಯೋಗಾಲಯಕ್ಕೆ ಹೋಗುತ್ತವೆ. ಒಂದು ಎಚ್ಚರಿಕೆ: ಕೋಳಿಗಳು ಒಮ್ಮೆಗೇ ರಾಶಿ ರಾಶಿ ಸತ್ತು, ತಲೆ ಊದಿ, ಜುಟ್ಟು ನೀಲಿಯಾಗಿದ್ದರೆ ಮನೆಯಲ್ಲಾಗಲಿ ಬೇರೆಲ್ಲೇ ಆಗಲಿ ಕೊಯ್ಯಬೇಡಿ. ಅದು ಹಕ್ಕಿಜ್ವರ ಇರಬಹುದು. ಮುಟ್ಟದೆ ಇಲಾಖೆಗೆ ತಿಳಿಸಿ.

ಮಾತ್ರೆ ಏಕೆ ಕೆಲಸ ಮಾಡದು ಎಂಬುದು ವೈರಸ್ಸಿನ ದಿನಚರಿಯಲ್ಲಿದೆ. ಮರಿ ಉಸಿರಿನೊಂದಿಗೆ ದೂಳನ್ನು ಎಳೆದುಕೊಂಡಾಗ ವೈರಸ್ ಒಳಗೆ ಹೋಗುತ್ತದೆ. ಮೊದಲ ವಾರದಲ್ಲಿ ಅದು ರಕ್ಷಣಾ ಕಣಗಳಲ್ಲಿ ಭರದಿಂದ ತನ್ನ ನಕಲು ಮಾಡಿಕೊಳ್ಳುತ್ತದೆ. ಹತ್ತು ದಿನದ ಹೊತ್ತಿಗೆ ರಕ್ಷಣಾ ಕಣಗಳಲ್ಲೇ ಒಂದು ಬಗೆಯಾದ ‘ಟಿ’ ಕಣಗಳಿಗೆ ಸೇರಿ ಸುಮ್ಮನಾಗುತ್ತದೆ. ಸುಮಾರು ಎರಡು ವಾರಕ್ಕೆ ಗರಿ ಹುಟ್ಟುವ ಬುಡಕ್ಕೆ ಬಂದು, ಅಲ್ಲಿಂದ ಉದುರುವ ಚರ್ಮದ ಹೊಟ್ಟಿನೊಂದಿಗೆ ಹೊರಬೀಳಲು ಶುರುವಾಗುತ್ತದೆ. ಆ ಹೊತ್ತಿಗೆ ಮರಿ ನೋಡಲು ಗಟ್ಟಿಮುಟ್ಟಾಗಿಯೇ ಇರುತ್ತದೆ. ವಾರಗಳ ನಂತರ, ವೈರಸ್ ಅಡಗಿದ್ದ ಕಣಗಳು ಲಂಗುಲಗಾಮಿಲ್ಲದೆ ಬೆಳೆದು ನರದೊಳಗೆ ತುಂಬಿಕೊಳ್ಳುತ್ತವೆ. ಆಗ ಕಾಲು ಬೀಳುತ್ತದೆ. ಅಂದರೆ ನಿಮ್ಮ ಕಣ್ಣಿಗೆ ಕಾಣುತ್ತಿರುವುದು ಸೋಂಕಲ್ಲ, ಸೋಂಕು ಬಿಟ್ಟುಹೋದ ಗೆಡ್ಡೆ, ಒಂದು ಬಗೆಯ ಕ್ಯಾನ್ಸರ್.

ಅಸೈಕ್ಲೋವಿರ್ ಸಾಯಿಸುವ ಔಷಧವಲ್ಲ, ನಕಲು ತಡೆಯುವ ಔಷಧ. ಅದು ಕಣದೊಳಗೆ ಹೋದಾಗ ನಿಷ್ಕ್ರಿಯವಾಗಿರುತ್ತದೆ. ವೈರಸ್ಸಿನದೇ ಆದ ಥೈಮಿಡಿನ್ ಕೈನೇಸ್ ಎಂಬ ಕಿಣ್ವ ಅದಕ್ಕೆ ಮೊದಲ ಫಾಸ್ಫೇಟನ್ನು ಅಂಟಿಸಬೇಕು, ಆಮೇಲೆಯೇ ಅದು ಆಯುಧವಾಗುತ್ತದೆ. ಹಾಗೆ ಸಿದ್ಧವಾದ ಅಣು ವೈರಸ್ಸಿನ ಡಿಎನ್‌ಎ ಸರಪಣಿಗೆ ಒಂದು ಕೊಂಡಿಯಾಗಿ ಸೇರುತ್ತದೆ, ಆದರೆ ಮುಂದಿನ ಕೊಂಡಿ ಸಿಕ್ಕಿಸಲು ಅದಕ್ಕೆ ಕೊಕ್ಕೆಯೇ ಇಲ್ಲ. ಸರಪಣಿ ಅಲ್ಲಿಗೆ ನಿಲ್ಲುತ್ತದೆ. ಆರೋಗ್ಯವಂತ ಕಣಗಳಲ್ಲಿ ಆ ವೈರಸ್ ಕಿಣ್ವ ಇಲ್ಲದ್ದರಿಂದ ಔಷಧ ಅವುಗಳ ತಂಟೆಗೆ ಹೆಚ್ಚು ಹೋಗುವುದಿಲ್ಲ. ಬಹಳ ಚೆಂದದ ಔಷಧ ಇದು. ಇದರ ಹಿಂದಿನ ಸಂಶೋಧನೆಗೆ ದಾರಿ ಹಾಕಿದ ಗರ್ಟ್ರೂಡ್ ಎಲಿಯನ್‌ಗೆ 1988ರಲ್ಲಿ ನೊಬೆಲ್ ಬಂತು. ಪ್ರಯೋಗಾಲಯದ ಬಟ್ಟಲಲ್ಲಿ ಇದು ಮಾರೆಕ್ಸ್ ವೈರಸ್ಸಿನ ನಕಲನ್ನೂ ತಡೆಯುತ್ತದೆ. ಆದರೆ ಗೆಡ್ಡೆಯ ಕಣಗಳಲ್ಲಿ ವೈರಸ್ ನಕಲು ಮಾಡುತ್ತಿಲ್ಲ. ತನ್ನ ವಂಶವಾಹಿಯನ್ನು ಕೋಳಿಯ ವರ್ಣತಂತುಗಳ ತುದಿಗೆ ಸೇರಿಸಿ ಕೂತಿದೆ, ಕಣ ಒಡೆದು ಎರಡಾದಂತೆಲ್ಲ ಅದೂ ಎರಡಾಗುತ್ತದೆ. ಆ ಕೆಲಸಕ್ಕೆ ಕೋಳಿಯ ಸ್ವಂತ ಕಿಣ್ವವೇ ಸಾಕು. ಮಾತ್ರೆಗೆ ಅಲ್ಲಿ ತಡೆಯಲು ಏನೂ ಇಲ್ಲ.

ಹಾಗಾದರೆ ಪಕ್ಕದೂರಿನವರ ಕೋಳಿ ಎದ್ದು ನಿಂತದ್ದು ಸುಳ್ಳೇ? ಸುಳ್ಳಿರಲಾರದು. ಮಾರೆಕ್ಸ್ ವೈರಸ್ಸಿನ ಇನ್ನೊಂದು ಮುಖವಿದೆ, ತಾತ್ಕಾಲಿಕ ಪಾರ್ಶ್ವವಾಯು. ಕೋಳಿ ಇದ್ದಕ್ಕಿದ್ದಂತೆ ಕತ್ತು ಕಾಲು ಜೋಲಿ ಬಿಟ್ಟು ಬೀಳುತ್ತದೆ. ಮಿದುಳಿನಲ್ಲಿ ನೀರು ತುಂಬಿ ಹಾಗಾಗುತ್ತದೆ, ಸಾಮಾನ್ಯವಾಗಿ 24ರಿಂದ 48 ಗಂಟೆಯಲ್ಲಿ ತಾನಾಗಿಯೇ ಇಳಿದು ಕೋಳಿ ಏಳುತ್ತದೆ. ಆ ಎರಡು ದಿನದಲ್ಲಿ ಯಾರು ಏನು ಕೊಟ್ಟಿರುತ್ತಾರೋ ಅದಕ್ಕೇ ಕೀರ್ತಿ ಸಲ್ಲುತ್ತದೆ, ಅದು ಮಾತ್ರೆಯಾಗಲಿ, ಬೆಳ್ಳುಳ್ಳಿಯಾಗಲಿ, ಹರಕೆಯಾಗಲಿ. ಹಾಗೆ ಎದ್ದ ಕೋಳಿಗಳಲ್ಲಿ ಹಲವು ಕೆಲವು ವಾರಗಳ ನಂತರ ಗೆಡ್ಡೆಯಿಂದ ಸಾಯುತ್ತವೆ, ಆ ಸಾವನ್ನು ಯಾರೂ ಹಳೆಯದಕ್ಕೆ ಜೋಡಿಸಿ ನೋಡುವುದಿಲ್ಲ. ಬಿ2 ಕೊರತೆಯ ಮರಿಯೂ ಜೀವಸತ್ವ ಕೊಟ್ಟ ಕೆಲವೇ ದಿನದಲ್ಲಿ ಎದ್ದೇಳುತ್ತದೆ. ನಿಮ್ಮ ನಾಲ್ಕು ಕೋಳಿಗಳು ಒಂದೆರಡು ದಿನಕ್ಕಿಂತ ಹೆಚ್ಚು ಕಾಲದಿಂದ ಮಲಗಿದ್ದರೆ ಇದು ಆ ಬಗೆಯದಲ್ಲ.

ಲೀಟರಿಗೆ ಒಂದು ಮಾತ್ರೆ ಎಂಬ ಲೆಕ್ಕವನ್ನೂ ಬಿಡಿಸಿ ನೋಡೋಣ. ಕೋಳಿಗೆಂದು ಒಪ್ಪಿದ ಪ್ರಮಾಣವೇ ಇಲ್ಲ. ಗಿಳಿ ಜಾತಿಯ ಹಕ್ಕಿಗಳಿಗೆ ವೈದ್ಯರು ಬಳಸುವುದು ಕಿಲೋ ತೂಕಕ್ಕೆ 80 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ. ಒಂದು ಕಿಲೋ ಕೋಳಿಗೆ ಅದೇ ಅಳತೆ ಹಿಡಿದರೆ ದಿನಕ್ಕೆ 240 ಮಿ.ಗ್ರಾಂ ಆಯಿತು. ಆ ಕೋಳಿ ದಿನಕ್ಕೆ ಸುಮಾರು 150 ಮಿ.ಲೀ. ನೀರು ಕುಡಿಯುತ್ತದೆ. ಲೀಟರಿಗೆ ಒಂದು ಮಾತ್ರೆ ಹಾಕಿದರೆ ಅದಕ್ಕೆ ಸಿಗುವುದು 60 ಮಿ.ಗ್ರಾಂ, ಬೇಕಾದ್ದರಲ್ಲಿ ಕಾಲು ಭಾಗ. ಪೂರ್ತಿ ಸಿಗಬೇಕಾದರೆ ಲೀಟರಿಗೆ ನಾಲ್ಕು ಮಾತ್ರೆ, ಅಂದರೆ 1.6 ಗ್ರಾಂ ಹಾಕಬೇಕು. ಅಷ್ಟು ಕರಗುವುದೇ ಇಲ್ಲ. ಈ ಔಷಧ ಕೋಣೆಯ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 1.3 ಗ್ರಾಂ ಮಾತ್ರ ಕರಗುತ್ತದೆ, ಮಿಕ್ಕಿದ್ದು ಬೆಳ್ಳಗೆ ತಳ ಕಟ್ಟುತ್ತದೆ. ಉಳಿದ 31 ಕೋಳಿಗಳಿಗೆ ವಾರಕ್ಕೆ ಸುಮಾರು 130 ಮಾತ್ರೆ ಬೇಕು. ಕೊನೆಗೆ, ಕಾಲು ಬಿದ್ದ ಕೋಳಿ ನೀರಿನ ಪಾತ್ರೆವರೆಗೆ ಹೋಗುವುದೇ ಇಲ್ಲ.

ಮೊಟ್ಟೆಯ ಪ್ರಶ್ನೆಗೂ ಇಲ್ಲೇ ಉತ್ತರವಿದೆ. ಮಾರೆಕ್ಸ್ ವೈರಸ್ ಮೊಟ್ಟೆಯೊಳಗೆ ಹೋಗುವುದಿಲ್ಲ, ನಿಮ್ಮ ದೊಡ್ಡ ಕೋಳಿಗಳ ಮೊಟ್ಟೆ ತಿನ್ನಬಹುದು. ಕಾಯಿಲೆ ಬಿದ್ದ ಕೋಳಿಯ ಮಾಂಸ ಮಾತ್ರ ಬೇಡ, ಮಾರಲೂ ಬೇಡಿ. ಮಾತ್ರೆ ಕೊಟ್ಟರೆ ಮಾತು ಬೇರೆ. ಆಹಾರದ ಕೋಳಿಗಳಿಗೆ ಅಸೈಕ್ಲೋವಿರ್ ಕೊಟ್ಟರೆ ಎಷ್ಟು ದಿನ ಮೊಟ್ಟೆ, ಮಾಂಸ ಬಿಡಬೇಕು ಎಂಬ ಅವಧಿಯನ್ನೇ ಗೊತ್ತುಪಡಿಸಿಲ್ಲ. ‘ಇಷ್ಟು ದಿನ ಬಿಟ್ಟು ತಿನ್ನಿ’ ಎಂದು ಯಾವ ವೈದ್ಯರೂ ಹೇಳಲಾರರು. ಮಾತ್ರೆ ಹಾಕದೆ ಇರಲು ನನ್ನ ಮಟ್ಟಿಗೆ ಈ ಒಂದು ಕಾರಣವೇ ಸಾಕು.

ಬೇರೆ ಹೆಸರುಗಳೂ ನಿಮ್ಮ ಕಿವಿಗೆ ಬೀಳಬಹುದು. ಗ್ಯಾನ್‌ಸಿಕ್ಲೋವಿರ್ ಹೆಚ್ಚುಕಡಿಮೆ ಇದೇ ದಾರಿಯದು, ಆದರೆ ಮೂಳೆಮಜ್ಜೆಗೆ ವಿಷ. ಫೋಸ್ಕಾರ್ನೆಟ್, ಸಿಡೋಫೋವಿರ್‌ಗಳಿಗೆ ವೈರಸ್ಸಿನ ಕೈನೇಸ್ ಬೇಡ, ಹಾಗಾಗಿ ಅಸೈಕ್ಲೋವಿರ್‌ಗೆ ಬಗ್ಗದ ಹರ್ಪಿಸ್‌ಗೆ ಮನುಷ್ಯರಲ್ಲಿ ಬಳಸುತ್ತಾರೆ. ಎರಡೂ ಮೂತ್ರಪಿಂಡಕ್ಕೆ ಕಠಿಣ, ಬೆಲೆಯೂ ಹಾಗೆಯೇ. ಗೆಡ್ಡೆಯ ಹಂತದಲ್ಲಿ ಇವೂ ಸೋಲುತ್ತವೆ. ಅಮಾಂಟಡಿನ್, ಒಸೆಲ್ಟಾಮಿವಿರ್ ಫ್ಲೂ ವೈರಸ್ಸಿನವು, ಹರ್ಪಿಸ್‌ಗೆ ಸಂಬಂಧವೇ ಇಲ್ಲ. ಎನ್ರೋಫ್ಲಾಕ್ಸಸಿನ್‌ನಂಥ ಆಂಟಿಬಯಾಟಿಕ್‌ಗಳು ಬ್ಯಾಕ್ಟೀರಿಯಕ್ಕೆ. ನೆಲನೆಲ್ಲಿ, ಅರಿಶಿನ, ತುಳಸಿ ಕಷಾಯ ಕುಡಿಸಿದರೆ ಹಾನಿಯಿಲ್ಲ, ಆದರೆ ಅದನ್ನು ನಂಬಿ ಲಸಿಕೆ ಬಿಟ್ಟರೆ ಮುಂದಿನ ಮರಿಗಳನ್ನೂ ಕಳೆದುಕೊಳ್ಳುತ್ತೀರಿ. ಬಿ ಕಾಂಪ್ಲೆಕ್ಸ್ ಮಾತ್ರ ಐದು ದಿನ ಕೊಟ್ಟು ನೋಡಿ. ಅಗ್ಗ, ನಿರಪಾಯ, ಜೊತೆಗೆ ಜೀವಸತ್ವದ ಕೊರತೆ ಇತ್ತೇ ಎಂಬ ಅನುಮಾನವೂ ತೀರುತ್ತದೆ.

ಮಲಗಿರುವ ಕೋಳಿಗಳ ವಿಷಯದಲ್ಲಿ ಮುಚ್ಚುಮರೆ ಬೇಡ. ನರ ಊದಿ ಎರಡೂ ಕಾಲು ಹೋದದ್ದು ಚೇತರಿಸುವುದು ತೀರಾ ಅಪರೂಪ. ಆರೈಕೆ ಮಾಡಿ ಉಳಿಸಿಕೊಳ್ಳಬಹುದು, ಆದರೆ ಅಷ್ಟು ದಿನವೂ ಅದು ಗರಿಯಿಂದ ವೈರಸ್ ಉದುರಿಸುತ್ತಿರುತ್ತದೆ, ಮಿಕ್ಕವು ತುಳಿದು ಕುಕ್ಕಿ ಹಿಂಸಿಸುತ್ತವೆ. ವೈದ್ಯರಿಂದ ನೋವಿಲ್ಲದೆ ಕೊನೆಗೊಳಿಸುವುದು ಮೇಲು. ಹೆಣಗಳನ್ನು ಮೂರಡಿ ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಮುಚ್ಚಿ. ವಿಶ್ವೇಶ್ವರಯ್ಯ (ವಿ.ಸಿ.) ನಾಲೆಗೆ ಎಸೆಯುವ ಅಭ್ಯಾಸ ನಮ್ಮ ಕಡೆ ಇನ್ನೂ ಇದೆ, ಅದು ಬೇಡವೇ ಬೇಡ. ಉಳಿದ 27ರಲ್ಲಿ ಬಹುಪಾಲಿಗೆ ಸೋಂಕು ಈಗಾಗಲೇ ತಗುಲಿರುತ್ತದೆ. ಎಲ್ಲವೂ ಸಾಯುವುದಿಲ್ಲ. ಇನ್ನೂ ಎರಡು ಮೂರು ತಿಂಗಳು ಅಲ್ಲೊಂದು ಇಲ್ಲೊಂದು ಬೀಳಬಹುದು. ಅವಕ್ಕೆ ಈಗ ಮಾರೆಕ್ಸ್ ಲಸಿಕೆ ಹಾಕಿಸಿ ಫಲವಿಲ್ಲ. ಈ ವೈರಸ್ ರೋಗನಿರೋಧಕ ಶಕ್ತಿಯನ್ನೇ ಕುಂದಿಸುವುದರಿಂದ ಕೊಕ್ಕರೆ ರೋಗದ ಲಸಿಕೆಯೂ ಅರೆಬರೆ ಹಿಡಿದಿರಬಹುದು. ಗಟ್ಟಿಯಾಗಿರುವವಕ್ಕೆ ಮುಂದಿನ ವರಸೆಯನ್ನು ವೈದ್ಯರ ಮಾತಿನಂತೆ ತಪ್ಪದೆ ಹಾಕಿಸಿ.

ಇದು ಬಂದದ್ದು ಎಲ್ಲಿಂದ? ಸಂತೆಯ ಲೇಯರ್ ಕೋಳಿಗಳ ಮೇಲೆ ನನಗೆ ಅನುಮಾನ. ಅವು ಚೆನ್ನಾಗಿವೆ ಎಂದು ಬರೆದಿದ್ದೀರಿ. ಚೆನ್ನಾಗಿರುವುದೇ ಸಹಜ, ಹ್ಯಾಚರಿಯಲ್ಲಿ ಮೊದಲ ದಿನವೇ ಅವಕ್ಕೆ ಮಾರೆಕ್ಸ್ ಲಸಿಕೆ ಬಿದ್ದಿರುತ್ತದೆ. ಆದರೆ ಈ ಲಸಿಕೆ ಗೆಡ್ಡೆಯನ್ನು ತಡೆಯುತ್ತದೆಯೇ ಹೊರತು ಸೋಂಕನ್ನು ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿ ಹೊರಗೆ ಆರೋಗ್ಯವಾಗಿದ್ದು, ಒಳಗೆ ಕಾಡು ವೈರಸ್, ಅಂದರೆ ರೋಗ ತರುವ ಅಸಲಿ ವೈರಸ್ ಹೊತ್ತು ಗರಿಯಿಂದ ಉದುರಿಸುತ್ತಾ ಇರಬಲ್ಲದು. ಅದರ ಪಕ್ಕದಲ್ಲಿ ಲಸಿಕೆಯಿಲ್ಲದ ನಾಟಿ ಮರಿ ಬೆಳೆದರೆ ಆಗುವುದು ನಿಮ್ಮ ಹಿತ್ತಿಲಲ್ಲಿ ಆದದ್ದೇ. ಹ್ಯಾಚರಿ ಕೋಳಿ ಮತ್ತು ಮನೆಯಲ್ಲಿ ಒಡೆದ ಮರಿ, ಎರಡನ್ನೂ ಒಂದೇ ಅಂಗಳದಲ್ಲಿ ಬಿಡಬಾರದು.

ಲಸಿಕೆಯ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ತಪ್ಪುಗಳು ನಡೆಯುವುದು ಇಲ್ಲೇ. ನಮಗೆ ಸುಲಭವಾಗಿ ಒದಗುವುದು ಎಚ್‌ವಿಟಿ, ಅಂದರೆ ಟರ್ಕಿ ಕೋಳಿಯ ನಿರಪಾಯಕಾರಿ ಹರ್ಪಿಸ್ ವೈರಸ್. ಒಣಪುಡಿ ರೂಪದ ಎಚ್‌ವಿಟಿಯನ್ನು 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನ ಕೆಳಭಾಗದಲ್ಲಿ ಇಡಬಹುದು. ರಿಸ್ಪೆನ್ಸ್‌ನಂಥ ಬಲವಾದ ಲಸಿಕೆ ತಳಿಗಳು ದ್ರವ ಸಾರಜನಕದಲ್ಲೇ ಇರಬೇಕು, ಅವು ದೊಡ್ಡ ಹ್ಯಾಚರಿಗಳಿಗೆ ಮಾತ್ರ ಸಾಧ್ಯ. ಒಂದು ಸೀಸೆಯಲ್ಲಿ ನೂರಾರು ಮರಿಗಳ ಡೋಸ್ ಇರುತ್ತದೆ. 36 ಮರಿಗೆ ಅದು ದುಬಾರಿ ಎನಿಸುತ್ತದೆ. ಸೀಸೆ ಒಡೆದು ಕಲಸಿದ ಮೇಲೆ ಮಿಕ್ಕದ್ದನ್ನು ನಾಳೆಗೆಂದು ಇಡುವಂತಿಲ್ಲ, ಚೆಲ್ಲಬೇಕು. ಹಾಗಾಗಿ ಊರಲ್ಲಿ ನಾಲ್ಕೈದು ಮನೆಯವರು ಒಂದೇ ವಾರ ಮರಿ ಒಡೆಯುವಂತೆ ಕಾವು ಕೂರಿಸಿ ಸೀಸೆ ಹಂಚಿಕೊಳ್ಳುವುದು ಜಾಣತನ.

ಹಾಕಬೇಕಾದ್ದು ಒಡೆದ ದಿನವೇ, ತಡವಾದರೆ ಮಾರನೆಯ ದಿನ. ಸೀಸೆಯ ಜೊತೆ ಬರುವ ದ್ರಾವಣದಲ್ಲೇ ಕಲಸಬೇಕು, ಬಟ್ಟಿ ಇಳಿಸಿದ ನೀರಿನಲ್ಲಲ್ಲ. ಕಲಸಿದ ಸೀಸೆ ಮಂಜುಗಡ್ಡೆಯ ಮೇಲಿರಲಿ, ಒಂದು ಗಂಟೆಯೊಳಗೆ ಮುಗಿಸಿ. ಮುಚ್ಚಳಕ್ಕಾಗಲಿ ಮರಿಯ ಕತ್ತಿಗಾಗಲಿ ಸ್ಪಿರಿಟ್ ಒರೆಸಬೇಡಿ. ಲಸಿಕೆಯಲ್ಲಿರುವುದು ಜೀವಂತ ವೈರಸ್, ಸ್ಪಿರಿಟ್ ತಗುಲಿದರೆ ಸಾಯುತ್ತದೆ. ಒಬ್ಬರು ಮರಿ ಹಿಡಿದು ಹಿಂಗತ್ತಿನ ಚರ್ಮವನ್ನು ಹೆಬ್ಬೆರಳು ತೋರುಬೆರಳಲ್ಲಿ ಗುಡಾರದಂತೆ ಎತ್ತಬೇಕು. ಇನ್ನೊಬ್ಬರು ಸೂಜಿಯನ್ನು ತಲೆಯ ಕಡೆಯಿಂದ ಬೆನ್ನಿನ ಕಡೆಗೆ, ಚರ್ಮಕ್ಕೆ ಸಮಾನಾಂತರವಾಗಿ ತೂರಿಸಿ 0.2 ಮಿ.ಲೀ. ಬಿಡಬೇಕು. ಬಿಟ್ಟ ಜಾಗದಲ್ಲಿ ಚರ್ಮದಡಿ ಅವರೆಕಾಳಿನಂಥ ಉಬ್ಬು ಕೈಗೆ ಸಿಗುತ್ತದೆ. ಬದಲಿಗೆ ಕತ್ತಿನ ತುಪ್ಪಳ ಒದ್ದೆಯಾದರೆ ಸೂಜಿ ಆಚೆ ಕಡೆಯಿಂದ ಹೊರಬಂದಿದೆ, ಆ ಮರಿಗೆ ಮತ್ತೆ ಹಾಕಿ.

ಇಷ್ಟೆಲ್ಲ ಸರಿಯಾಗಿ ಮಾಡಿದರೂ ರಕ್ಷಣೆ ಕೂರಲು ಸುಮಾರು ಒಂದು ವಾರ ಬೇಕು. ಆ ವಾರದಲ್ಲಿ ಮರಿ ಹಳೆಯ ದೂಳನ್ನು ಉಸಿರಾಡಿದರೆ ಕಾಡು ವೈರಸ್ಸೇ ಮೊದಲು ಒಳಗೆ ಸೇರುತ್ತದೆ. ‘ಲಸಿಕೆ ಹಾಕಿಸಿದ್ದೆ, ಆದರೂ ಬಂತು’ ಎನ್ನುವವರಲ್ಲಿ ಬಹಳ ಮಂದಿಯ ಕತೆ ಇದೇ. ತಾಯಿಕೋಳಿಯ ರೆಕ್ಕೆಯಡಿ ಬೆಚ್ಚಗೆ ಕೂತ ಹೂಮರಿಗೆ ಮೊದಲ ಗಂಟೆಯಿಂದಲೇ ಆ ಗರಿಗಳ ದೂಳು ಸಿಗುತ್ತದೆ. ನಾಟಿ ಪದ್ಧತಿಯ ಈ ಕೊಂಡಿಯನ್ನು ರೋಗ ಹೊಕ್ಕ ಮನೆಯಲ್ಲಿ ಕಡಿಯಲೇಬೇಕು. ತಾಯಿ ಮರಿಯನ್ನು ಬೇರೆ ಮಾಡುವುದು ನಿಮ್ಮ ಮನೆಯಲ್ಲಿ ಯಾರಿಗೂ ಇಷ್ಟವಾಗಲಿಕ್ಕಿಲ್ಲ ಎಂದು ಬಲ್ಲೆ, ಆದರೆ ಬೇರೆ ದಾರಿ ನನಗೆ ಕಾಣುತ್ತಿಲ್ಲ.

ದೂಳು ಎಂದರೆ ಬರೀ ಮಣ್ಣಲ್ಲ. ಗೂಡಿನ ಜಂತಿ, ಜೇಡರ ಬಲೆ, ತಂತಿ ಜಾಲರಿಗೆ ಬೂದಿಯಂತೆ ಅಂಟಿರುತ್ತದಲ್ಲ, ಅದರಲ್ಲಿ ಗರಿಯ ಹೊಟ್ಟೇ ಹೆಚ್ಚು. ವೈರಸ್ ಅದರಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ. ಹಾಸಿನೊಳಗಿನ ಕಪ್ಪು ಜೀರುಂಡೆಗಳೂ ಅದನ್ನು ಹೊತ್ತು ತಿರುಗುತ್ತವೆ. ಒಣಗಿದ್ದಾಗ ಗುಡಿಸಿದರೆ ಊರೆಲ್ಲ ಹರಡುತ್ತದೆ. ಮೊದಲು ನೀರು ಚಿಮುಕಿಸಿ, ಭತ್ತದ ಹೊಟ್ಟಿನ ಹಾಸನ್ನು ಹಸಿಯಾಗಿಯೇ ಕೆರೆದು ತೆಗೆದು, ಮರಿಗಳಿಂದ ದೂರ, ಗಾಳಿ ಬೀಸುವ ಆಚೆ ದಿಕ್ಕಿನಲ್ಲಿ ರಾಶಿ ಹಾಕಿ ಪ್ಲಾಸ್ಟಿಕ್ ಹೊದಿಸಿ, ಗೊಬ್ಬರವಾಗಲಿ. ನೆಲ, ಗೋಡೆಯನ್ನು ಸೋಪಿನ ನೀರಲ್ಲಿ ತಿಕ್ಕಿ ತೊಳೆದು ಒಣಗಿಸಿ. ಆಮೇಲೆ ಮನೆಬಳಕೆಯ 4–5 ಶೇಕಡಾ ಬ್ಲೀಚ್ ದ್ರವ ಒಂದು ಪಾಲು, ನೀರು ಒಂಬತ್ತು ಪಾಲು ಕಲಸಿ ಬಳಿಯಿರಿ. ಕೊಳೆಯ ಮೇಲೆಯೇ ಬ್ಲೀಚ್ ಸುರಿದರೆ ಕೊಳೆಯೇ ಅದನ್ನು ನುಂಗಿಹಾಕುತ್ತದೆ, ವೈರಸ್ಸಿಗೆ ತಾಗುವುದಿಲ್ಲ.

ಈಗ ಪಂಜರದ ಹಕ್ಕಿಗಳು. ಹೊಸ ಕಾನ್ಯೂರ್ ಬಂದ ವಾರದೊಳಗೆ ಹಳೆಯ ಕಾಕಟೀಲ್ ಮುನ್ಸೂಚನೆಯಿಲ್ಲದೆ ಸತ್ತಿದೆ. ಪ್ಯಾಚೆಕೋ ರೋಗವನ್ನು ಮೊದಲು ನೆನೆಯಬೇಕಾದ ಸಂದರ್ಭವಿದು. ಇದೂ ಹರ್ಪಿಸ್ಸೇ, ಗಿಳಿ ಜಾತಿಯ ಹರ್ಪಿಸ್. ಕೆಲವು ಕಾನ್ಯೂರ್ ಜಾತಿಗಳು ತಾವು ಆರೋಗ್ಯವಾಗಿದ್ದು ವೈರಸ್ ಹೊತ್ತಿರುತ್ತವೆ. ಪ್ರಯಾಣ, ಹೊಸ ಜಾಗದ ಒತ್ತಡಕ್ಕೆ ಹಿಕ್ಕೆಯಲ್ಲಿ ಹೊರಹಾಕುತ್ತವೆ. ತಗುಲಿದ ಹಕ್ಕಿಯಲ್ಲಿ ವೈರಸ್ ಪಿತ್ತಜನಕಾಂಗದೊಳಗೆ ದಿನಗಳಲ್ಲೇ ಲಕ್ಷಾಂತರ ನಕಲಾಗುತ್ತದೆ. ಇಲ್ಲಿ ಗೆಡ್ಡೆಯಿಲ್ಲ, ಅಡಗಿ ಕೂರುವ ಹಂತವೂ ಅಲ್ಲ, ನೇರ ನಕಲು. ಆದ್ದರಿಂದಲೇ ಅಸೈಕ್ಲೋವಿರ್ ಇಲ್ಲಿ ಪ್ರಾಣ ಉಳಿಸಬಲ್ಲದು, ಅದೂ ಲಕ್ಷಣ ಕಾಣುವ ಮುನ್ನ, ಸಂಪರ್ಕಕ್ಕೆ ಬಂದ ಮಿಕ್ಕ ಹಕ್ಕಿಗಳಿಗೆ ಶುರು ಮಾಡಿದಾಗ. ಹಕ್ಕಿ ಗರಿ ಉಬ್ಬಿಸಿ ಕೂತು, ಹಿಕ್ಕೆಯ ಬಿಳಿ ಭಾಗ ಹಳದಿ-ಹಸಿರಾದ ಮೇಲೆ ಪಿತ್ತಜನಕಾಂಗ ಬಹುಪಾಲು ಹೋಗಿರುತ್ತದೆ.

ಆದರೆ ರಾತ್ರಿ ಬೆದರಿ ಪಂಜರಕ್ಕೆ ಬಡಿದುಕೊಂಡರೂ ಕಾಕಟೀಲ್ ಸಾಯುತ್ತದೆ. ನಾನ್‌ಸ್ಟಿಕ್ ಬಾಣಲೆ ಕಾದು ಎದ್ದ ಹೊಗೆಗೂ ಸಾಯುತ್ತದೆ. ಗಿಳಿಜ್ವರ ಎಂಬ ಕ್ಲಮೈಡಿಯ ಸೋಂಕಿನಲ್ಲೂ ಹಿಕ್ಕೆ ಹಳದಿ-ಹಸಿರಾಗುತ್ತದೆ. ಅದು ಬ್ಯಾಕ್ಟೀರಿಯ, ಅಸೈಕ್ಲೋವಿರ್‌ಗೆ ಜಗ್ಗದು, ಡಾಕ್ಸಿಸೈಕ್ಲಿನ್ ಬೇಕು. ಕೋಳಿಯ ಹರ್ಪಿಸ್‌ನಂತಲ್ಲದೆ ಇದು ಮನುಷ್ಯರಿಗೆ ಬರುತ್ತದೆ. ಮನೆಯಲ್ಲಿ ಯಾರಿಗಾದರೂ ಜ್ವರ, ಒಣಕೆಮ್ಮು ಬಂದರೆ ವೈದ್ಯರಿಗೆ ಹಕ್ಕಿ ಸತ್ತದ್ದನ್ನು ತಪ್ಪದೆ ಹೇಳಿ. ಸತ್ತ ಕಾಕಟೀಲನ್ನು ಹೂಳದೆ ಮಂಜುಗಡ್ಡೆಯಲ್ಲಿ ಇಟ್ಟಿದ್ದರೆ ಇಂದೇ ಪರೀಕ್ಷೆಗೆ ಒಯ್ಯಿರಿ. ಪಿತ್ತಜನಕಾಂಗದ ತುಣುಕಿನ ಪಿಸಿಆರ್ ಪರೀಕ್ಷೆ ಪ್ಯಾಚೆಕೋ, ಗಿಳಿಜ್ವರ ಎರಡನ್ನೂ ಬೇರ್ಪಡಿಸುತ್ತದೆ. ಕಾನ್ಯೂರ್‌ಗಳ ಬಾಯಿ ಮತ್ತು ಮಲದ್ವಾರದ ಸ್ವಾಬ್ ಸಹ ಕಳಿಸಿ. ಅವು ಬಿಟ್ಟು ಬಿಟ್ಟು ಹೊರಹಾಕುವುದರಿಂದ ಒಂದು ಸಲ ‘ಇಲ್ಲ’ ಎಂದು ಬಂದರೆ ನಂಬಬೇಡಿ.

ಫಲಿತಾಂಶಕ್ಕೆ ಕಾಯಬೇಕೇ, ಈಗಲೇ ಔಷಧ ಶುರು ಮಾಡಬೇಕೇ? ಪ್ಯಾಚೆಕೋ ಆಗಿದ್ದರೆ ಕಾಯುವ ಹೊತ್ತಿಗೆ ಹಕ್ಕಿಗಳು ಉಳಿಯಲಿಕ್ಕಿಲ್ಲ. ಆಗಿರದಿದ್ದರೆ ಒಂದು ವಾರದ ಅಸೈಕ್ಲೋವಿರ್‌ನಿಂದ ನಷ್ಟ ಕಡಿಮೆ. ಹಕ್ಕಿಗಳನ್ನು ನೋಡುವ ಪಶುವೈದ್ಯರು ಮೈಸೂರಿನಲ್ಲಿ ಸಿಗುತ್ತಾರೆ. ಅವರು ಒಪ್ಪಿದರೆ ಕಾಯದೆ ಶುರು ಮಾಡುವುದೇ ಸರಿ ಎಂಬುದು ನನ್ನ ಅಭಿಪ್ರಾಯ. ಅಳತೆ ಮೇಲೆ ಹೇಳಿದ್ದೇ: ಕಿಲೋಗೆ 80 ಮಿ.ಗ್ರಾಂ, ಎಂಟು ಗಂಟೆಗೊಮ್ಮೆ, ಕನಿಷ್ಠ ಏಳು ದಿನ. 90 ಗ್ರಾಂ ತೂಗುವ ಕಾಕಟೀಲ್‌ಗೆ ಒಂದು ಸಲಕ್ಕೆ 7.2 ಮಿ.ಗ್ರಾಂ ಬಂತು. ಐದು ಮಿ.ಲೀ.ಗೆ 400 ಮಿ.ಗ್ರಾಂ ಇರುವ ಸಿರಪ್ ಆದರೆ ಅದು 0.09 ಮಿ.ಲೀ., ಸೂಜಿ ತೆಗೆದ 100 ಯೂನಿಟ್‌ನ ಇನ್ಸುಲಿನ್ ಸಿರಿಂಜಿನಲ್ಲಿ 9 ಯೂನಿಟ್. ಅಂದಾಜಿನ ತೂಕ ಬೇಡ, ಅಡುಗೆಮನೆಯ ಗ್ರಾಂ ತಕ್ಕಡಿಯಲ್ಲಿ ತೂಗಿ. ಸಿರಪ್ ತಳ ಕೂರುತ್ತದೆ, ಪ್ರತಿ ಸಲ ಚೆನ್ನಾಗಿ ಕುಲುಕಿ. ಕೊಕ್ಕಿನ ಪಕ್ಕದಿಂದ ಹನಿಹನಿಯಾಗಿ ಬಿಡಿ, ಒಮ್ಮೆಗೇ ಒತ್ತಿದರೆ ಶ್ವಾಸನಾಳಕ್ಕೆ ಹೋಗುತ್ತದೆ. ನೀರು ಕುಡಿಯದೆ ಒಣಗಿದ ಹಕ್ಕಿಯಲ್ಲಿ ಈ ಔಷಧ ಮೂತ್ರಪಿಂಡದಲ್ಲಿ ಹರಳುಗಟ್ಟುತ್ತದೆ, ಆದ್ದರಿಂದ ನೀರು, ರಸವಿರುವ ಹಣ್ಣು ಸದಾ ಇರಲಿ. ಇಂಜೆಕ್ಷನ್ ಬೇಡ. ಅದರ ದ್ರಾವಣ ತೀವ್ರ ಕ್ಷಾರ, ಎದೆಯ ಮಾಂಸವನ್ನು ಕೊಳೆಸುತ್ತದೆ. ಔಷಧದಿಂದ ಬದುಕಿದ ಹಕ್ಕಿಯ ದೇಹದಿಂದ ವೈರಸ್ ಹೋಗುವುದಿಲ್ಲ, ಅದು ಜೀವಮಾನವಿಡೀ ವಾಹಕವಾಗಬಹುದು. ಅಂಥದ್ದನ್ನು ಮಾರಲೂಬಾರದು, ಹೊಸ ಹಕ್ಕಿಯ ಜೊತೆ ಬಿಡಲೂಬಾರದು. ಕಾನ್ಯೂರ್‌ಗಳನ್ನು ಈ ಕ್ಷಣವೇ ಬೇರೆ ಕೋಣೆಗೆ ಹಾಕಿ, ಕಾಕಟೀಲ್‌ಗಳ ಕೆಲಸ ಮುಗಿಸಿದ ಮೇಲೆಯೇ ಅವುಗಳ ಕೆಲಸ ಮಾಡಲು ಮಗನಿಗೆ ಹೇಳಿ.

ಇನ್ನು ಕಾವಿನಲ್ಲಿರುವ 36 ಮೊಟ್ಟೆಗಳು. ನಿಮ್ಮ ಲೆಕ್ಕದಂತೆ ಇವತ್ತಿಗೆ 9 ದಿನ ತುಂಬಿದೆ. 18ನೇ ದಿನದವರೆಗೆ ಕೋಳಿಗಳೇ ಕೂರಲಿ. ಅಷ್ಟರಲ್ಲಿ ಹಿತ್ತಿಲಿನಿಂದ ದೂರದ, ಹಿಂದೆಂದೂ ಕೋಳಿ ಬಿಡದ ಒಂದು ಕೋಣೆ ಸಜ್ಜು ಮಾಡಿಕೊಳ್ಳಿ. ಸಣ್ಣ ಇನ್‌ಕ್ಯುಬೇಟರನ್ನು ಎರವಲಾದರೂ ತಂದು, 17ನೇ ದಿನವೇ ಚಾಲೂ ಮಾಡಿ 37.5 ಡಿಗ್ರಿಗೆ ನಿಲ್ಲುತ್ತದೆಯೇ ನೋಡಿ. 18ರ ಸಂಜೆ ಕೈ ತೊಳೆದು ಮೊಟ್ಟೆಗಳನ್ನು ಅದಕ್ಕೆ ಸಾಗಿಸಿ. ಅಂಟಿದ ಹಿಕ್ಕೆ, ಗರಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಮೊಟ್ಟೆ ತೊಳೆಯಬೇಡಿ. ಆಮೇಲೆ ಮೊಟ್ಟೆ ತಿರುಗಿಸುವುದು ಬೇಡ, ತಳದ ತಟ್ಟೆಯಲ್ಲಿ ನೀರು ತುಂಬಿರಲಿ. ಲಸಿಕೆಯ ಸೀಸೆ 20ನೇ ದಿನವೇ ನಿಮ್ಮ ಫ್ರಿಜ್ಜಿನಲ್ಲಿರಬೇಕು, ಪಶು ಆಸ್ಪತ್ರೆಯಲ್ಲಿ ಇವತ್ತೇ ಹೇಳಿಡಿ. ಮರಿಗಳು ಒಣಗಿದ ಕೂಡಲೇ ಲಸಿಕೆ, ಆಮೇಲೆ ಬಲ್ಬಿನಡಿ ಮೊದಲ ವಾರ 35 ಡಿಗ್ರಿ, ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತಾ ಹೋಗಿ. ಬಾಗಿಲ ಬಳಿ ಆ ಕೋಣೆಗೆಂದೇ ಒಂದು ಜೊತೆ ಚಪ್ಪಲಿ, ಒಂದು ಹಳೆ ಅಂಗಿ ಇರಲಿ. ಬೆಳಿಗ್ಗೆ ಮೊದಲು ಮರಿಗಳ ಕೆಲಸ, ಆಮೇಲೆ ಹಿತ್ತಿಲು. ಆರು ವಾರ ತುಂಬುವವರೆಗೆ ಅವು ಆ ಕೋಣೆ ಬಿಟ್ಟು ಹೊರಗೆ ಬರುವುದು ಬೇಡ.